ಹೋ ಮಳೆಕಾಡಿಗೆ ಇಬ್ಬರೇ, ಒಂದೇ ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಇರುವ ಕನ್ನಡದ ಗೆಳೆಯರು ಬೇಸಿಗೆ ಹತ್ತಿರ ಬಂದಾಗಲೆಲ್ಲ ಕೇಳುವ ಪ್ರಶ್ನೆಗಳಿವು. ಎಲ್ಲವೂ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ನ್ಯಾಷನಲ್ ಪಾರ್ಕ್‌ನಲ್ಲಿರುವ ಹೋ ಮಳೆಕಾಡಿನ ಬಗ್ಗೆ. ಗಂಡ ಹೆಂಡತಿ ಇಬ್ಬರೇ ಬೆಳಗ್ಗೆ ಹೊರಟು, ಕಾಡಿನಲ್ಲಿ ನಡೆದು, ರಾತ್ರಿ ಮನೆಗೆ ಬಂದು ಮಲಗುವ ಲೆಕ್ಕದಲ್ಲಿ ಉತ್ತರ ಬರೆದಿದ್ದೇನೆ. ಮಕ್ಕಳು, ಟೆಂಟು ಇದ್ದರೆ ಲೆಕ್ಕವೇ ಬೇರೆ.

ಒಂದೇ ದಿನದಲ್ಲಿ ಹೋಗಿಬರಲು ಆಗುತ್ತದಾ?

ಆಗುತ್ತದೆ. ಆದರೆ ಸಿಯಾಟಲ್‌ನಿಂದ ಒಂದು ಕಡೆಗೇ ಸುಮಾರು 4 ಗಂಟೆ ಹಿಡಿಯುತ್ತದೆ. ಅಂದರೆ ದಿನದ 8 ಗಂಟೆ ಕಾರಿಗೇ ಹೋಯಿತು. ಉಳಿದದ್ದು ಕಾಡಿಗೆ. ಜೂನ್‌ನಲ್ಲಿ ರಾತ್ರಿ 9ರವರೆಗೂ ಬೆಳಕಿರುತ್ತದೆ, ಆರಾಮಾಗಿ ಆಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಆಗ ಬೇಡ.

ಎಲ್ಲರೂ ಎಡವುವುದು ಇಲ್ಲೇ. ಅಷ್ಟು ದೂರ ಹೋಗುತ್ತೇವಲ್ಲ, ಹಾಗೇ ರೂಬಿ ಬೀಚ್, ಹರಿಕೇನ್ ರಿಡ್ಜ್, ಲೇಕ್ ಕ್ರೆಸೆಂಟ್ ಎಲ್ಲ ನೋಡಿಬಿಡೋಣ ಅಂತ ಪಟ್ಟಿ ಮಾಡುತ್ತಾರೆ. ಆಮೇಲೆ ಕಾಡಿಗೆ ಸಿಗುವುದು 45 ನಿಮಿಷ. ನನ್ನ ಕೇಳಿದರೆ ಆ ಪಟ್ಟಿ ಹರಿದು ಬಿಸಾಡಿ. ಒಂದು ದಿನಕ್ಕೆ ಒಂದು ಕಣಿವೆ ಸಾಕು. ಈ ಕಾಡಿನಲ್ಲಿ ನಿಧಾನಕ್ಕೆ ನಡೆದರೆ ಮಾತ್ರ ಏನಾದರೂ ಕಣ್ಣಿಗೆ ಬೀಳುತ್ತದೆ.

ಯಾವ ದಾರಿ ಒಳ್ಳೆಯದು? ಫೆರಿನಾ, ಪೂರ್ತಿ ರಸ್ತೆನಾ?

ಬೆಲ್‌ವ್ಯೂ, ರೆಡ್ಮಂಡ್ ಇರುವ ಈಸ್ಟ್‌ಸೈಡ್‌ನವರಿಗೆ ಎಡ್ಮಂಡ್ಸ್‌ನಿಂದ ಕಿಂಗ್‌ಸ್ಟನ್‌ಗೆ ಹೋಗುವ ಫೆರಿ ಅನುಕೂಲ, ಸುಮಾರು 30 ನಿಮಿಷ. ಸಿಯಾಟಲ್ ಊರೊಳಗಿನವರಿಗೆ ಬೈನ್‌ಬ್ರಿಜ್ ಫೆರಿ, 35 ನಿಮಿಷ. ಈ ಎರಡು ಮಾರ್ಗಕ್ಕೂ ಮುಂಗಡ ಬುಕಿಂಗ್ ಇಲ್ಲ, ಸಾಲಿನಲ್ಲಿ ನಿಂತವರಿಗೆ ಜಾಗ. ಆಚೆ ದಡದಿಂದ ಹುಡ್ ಕೆನಾಲ್ ಸೇತುವೆ ದಾಟಿ, 101ನೇ ಹೆದ್ದಾರಿ ಹಿಡಿದು, ಪೋರ್ಟ್ ಏಂಜಲಿಸ್, ಫೋರ್ಕ್ಸ್ ಮೇಲೆ ಹೋಗಬೇಕು. ಹುಡ್ ಕೆನಾಲ್ ಸೇತುವೆ ನೀರಿನ ಮೇಲೆ ತೇಲುವ ಸೇತುವೆ. ಹಡಗು ಬಂದರೆ, ಕೆಲವೊಮ್ಮೆ ನೌಕಾಪಡೆಯ ಸಬ್‌ಮರೀನ್ ಬಂದರೂ, ನಡುವಿನ ಭಾಗ ತೆರೆಯುತ್ತದೆ. ಆಗ ಅರ್ಧ ಗಂಟೆ ಕಾಯಬೇಕಾದೀತು.

ಟಕೋಮಾ ಮೇಲೆ ಪೂರ್ತಿ ರಸ್ತೆಯಲ್ಲೂ ಹೋಗಬಹುದು. ಹೋಗುವಾಗ ಫೆರಿ, ಬರುವಾಗ ರಸ್ತೆ ಅನ್ನುವುದು ನನ್ನ ಇಷ್ಟ. ಭಾನುವಾರ ಸಂಜೆ ಕಿಂಗ್‌ಸ್ಟನ್‌ನಲ್ಲಿ ಫೆರಿಗೆ ನಿಲ್ಲುವ ಕಾರುಗಳ ಸಾಲು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಎಷ್ಟು ಹೊತ್ತಿಗೆ ಅಲ್ಲಿ ಇರಬೇಕು?

ಬೇಸಿಗೆಯಲ್ಲಿ ಬೆಳಗ್ಗೆ 9ರ ಒಳಗೆ ಗೇಟ್ ದಾಟಿದರೆ ನೆಮ್ಮದಿ. ಅಲ್ಲಿನ ಪಾರ್ಕಿಂಗ್ ಚಿಕ್ಕದು. ತುಂಬಿದ ಮೇಲೆ ಒಂದು ಕಾರು ಹೊರಗೆ ಬಂದರೆ ಒಂದು ಕಾರು ಒಳಗೆ ಬಿಡುತ್ತಾರೆ. ಜುಲೈ, ಆಗಸ್ಟ್‌ನ ಮಧ್ಯಾಹ್ನ ಗೇಟ್ ಹತ್ತಿರ ಎರಡು ಗಂಟೆ ಕಾಯುವುದೂ ಉಂಟು. ಹಾಗಾಗಿ ನಾಲ್ಕೂವರೆ, ಐದಕ್ಕೆಲ್ಲ ಮನೆ ಬಿಡಬೇಕು. ರಜೆ ಹಾಕಿ ವಾರದ ನಡುವೆ ಹೋಗಲು ಆದರೆ ಇನ್ನೂ ಚೆನ್ನ.

ಟಿಕೆಟ್ ಎಷ್ಟು? ನಮ್ಮ ಹತ್ತಿರ ಡಿಸ್ಕವರ್ ಪಾಸ್ ಇದೆ, ನಡೆಯುತ್ತಾ?

ನಡೆಯುವುದಿಲ್ಲ. ಡಿಸ್ಕವರ್ ಪಾಸ್ ರಾಜ್ಯದ ಪಾರ್ಕುಗಳಿಗೆ. ಇದು ಕೇಂದ್ರ ಸರ್ಕಾರದ ನ್ಯಾಷನಲ್ ಪಾರ್ಕ್. ಒಂದು ಕಾರಿಗೆ 30 ಡಾಲರ್, ಏಳು ದಿನ ನಡೆಯುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ ನ್ಯಾಷನಲ್ ಪಾರ್ಕುಗಳಿಗೆ ಹೋಗುವವರಾದರೆ ವಾರ್ಷಿಕ ಪಾಸ್ ತೆಗೆದುಕೊಳ್ಳುವುದೇ ಲಾಭ. ದರ, ನಿಯಮ ಆಗಾಗ ಬದಲಾಗುತ್ತವೆ. ಹೊರಡುವ ಹಿಂದಿನ ದಿನ ಪಾರ್ಕ್‌ನ ಅಧಿಕೃತ ಜಾಲತಾಣ ಒಮ್ಮೆ ನೋಡಿ.

ರಸ್ತೆ ತೆರೆದಿದೆಯಾ ಅಂತಲೂ ಅಲ್ಲೇ ನೋಡಿಕೊಳ್ಳಿ. ಕಾಡಿಗೆ ಹೋಗುವುದು ಅಪ್ಪರ್ ಹೋ ರೋಡ್ ಒಂದೇ. ಅದು ಹೋ ಹೊಳೆಯ ಪಕ್ಕದಲ್ಲೇ ಸಾಗುತ್ತದೆ. 2024ರ ಡಿಸೆಂಬರ್‌ನಲ್ಲಿ ಪ್ರವಾಹ ಬಂದು ರಸ್ತೆ ಕೊಚ್ಚಿಕೊಂಡು ಹೋಗಿತ್ತು. 2025ರ ಮೇ ತಿಂಗಳವರೆಗೂ ಕಾರು ಹೋಗುವಂತಿರಲಿಲ್ಲ.

ಯಾವ ತಿಂಗಳು ಹೋಗಬೇಕು?

ಹಸಿರು ನೋಡಬೇಕಾದರೆ ಮೇ, ಜೂನ್ ಆರಂಭ, ಇಲ್ಲವೇ ಅಕ್ಟೋಬರ್. ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಮಳೆ ತುಂಬ ಕಡಿಮೆ. ಆಗ ಪಾಚಿ ಒಣಗಿ ಸ್ವಲ್ಪ ಕಂದು ಬಣ್ಣಕ್ಕೆ ತಿರುಗುತ್ತದೆ. ಜನ ಮಾತ್ರ ಆಗಲೇ ಜಾಸ್ತಿ! ಅಕ್ಟೋಬರ್‌ನಲ್ಲಿ ಮೇಪಲ್ ಎಲೆ ಹಳದಿಯಾಗಿ, ಕೆಳಗೆ ಹಸಿರು ಪಾಚಿ ಇರುತ್ತದೆ. ಹಗಲು ಚಿಕ್ಕದಾದರೂ ನನ್ನ ಮತ ಅಕ್ಟೋಬರ್‌ಗೇ.

ನಾವು ಶಿವಮೊಗ್ಗದವರು. ಆಗುಂಬೆ, ಕುದುರೆಮುಖ ನೋಡಿದವರಿಗೆ ಇಲ್ಲೇನಿದೆ ಹೊಸದು?

ಮಲೆನಾಡಿನವರು ತಪ್ಪದೆ ಕೇಳುವ ಪ್ರಶ್ನೆ ಇದು, ಕೇಳುವುದು ನ್ಯಾಯವೇ. ಮಳೆಯ ಲೆಕ್ಕದಲ್ಲಿ ಹೋ ನಮ್ಮ ಆಗುಂಬೆಯ ಮುಂದೆ ಏನೂ ಅಲ್ಲ. ಇಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ 7,000 ದಾಟುತ್ತದೆ.

ವ್ಯತ್ಯಾಸ ಇರುವುದು ಮಳೆ ಯಾವಾಗ ಬರುತ್ತದೆ, ಆಗ ಎಷ್ಟು ತಂಪಿರುತ್ತದೆ ಅನ್ನುವುದರಲ್ಲಿ. ಆಗುಂಬೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಆಮೇಲೆ ತಿಂಗಳುಗಟ್ಟಲೆ ಬಿಸಿಲು. ಇಲ್ಲಿ ಅಕ್ಟೋಬರ್‌ನಿಂದ ಮೇವರೆಗೆ ಸಣ್ಣಗೆ, ಬಿಡದೆ ಬರುತ್ತದೆ. ಬೇಸಿಗೆಯಲ್ಲಿ ಮಳೆ ನಿಂತರೂ ಪೆಸಿಫಿಕ್ ಸಾಗರದ ಮಂಜು ಕಣಿವೆಯೊಳಗೆ ಬಂದು ಮರಗಳಿಗೆ ತಾಗಿ ಹನಿಯುತ್ತದೆ. ಬೇಸಿಗೆಯಲ್ಲಿ 27 ಡಿಗ್ರಿ ದಾಟುವುದು ಅಪರೂಪ, ಚಳಿಗಾಲದಲ್ಲಿ ಕಣಿವೆಯ ತಳದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಅಪರೂಪ. ಪಾಚಿಗೆ ಬೇಕಾದದ್ದು ಇದೇ: ಜೋರು ಮಳೆಯಲ್ಲ, ಆರದ ತೇವ ಮತ್ತು ತಂಪು.

ಮಳೆ ಬರುವ ಕಾರಣ ಮಾತ್ರ ಎರಡು ಕಡೆಯೂ ಒಂದೇ. ಕಡಲಿನಿಂದ ಬಂದ ಮೋಡ ಬೆಟ್ಟಕ್ಕೆ ತಡೆದು, ಮೇಲೇರಿ, ತಣ್ಣಗಾಗಿ ಸುರಿಯುತ್ತದೆ. ಬೆಟ್ಟದ ಆಚೆ ಬದಿಗೆ ಏನೂ ಉಳಿಯುವುದಿಲ್ಲ. ಘಟ್ಟ ದಾಟಿ ಚಿತ್ರದುರ್ಗಕ್ಕೆ ಬಂದರೆ ಮಳೆ ಹೇಗೆ ಸೊರಗುತ್ತದೋ, ಒಲಿಂಪಿಕ್ ಬೆಟ್ಟಗಳ ಆಚೆ ಇರುವ ಸ್ಕ್ವಿಮ್ ಎಂಬ ಊರಿನಲ್ಲೂ ಹಾಗೇ. ಅಲ್ಲಿ ವರ್ಷಕ್ಕೆ 400 ಮಿಲಿಮೀಟರ್ ಆಸುಪಾಸು ಅಷ್ಟೇ. ನೀವು ಹೋಗುವ ದಾರಿಯಲ್ಲೇ ಆ ಊರು ಸಿಗುತ್ತದೆ. ಒಣ ಹುಲ್ಲು ನೋಡಿ, ಎರಡೂವರೆ ಗಂಟೆ ಕಾರಿನಲ್ಲಿ ಕೂತು, ಪಾಚಿ ಜೋತಾಡುವ ಕಾಡಿನಲ್ಲಿ ಇಳಿಯುತ್ತೀರಿ.

ಇನ್ನು ಮರಗಳು. ನಮ್ಮ ಕಾಡಿನಲ್ಲಿ ಜಾತಿ ಹೆಚ್ಚು, ಇಲ್ಲಿ ಗಾತ್ರ ಹೆಚ್ಚು. ಸಿಟ್ಕಾ ಸ್ಪ್ರೂಸ್, ವೆಸ್ಟರ್ನ್ ಹೆಮ್ಲಾಕ್, ಡಗ್ಲಸ್ ಫರ್, ರೆಡ್ ಸೀಡರ್ ಅಂತ ಬೆರಳೆಣಿಕೆಯ ದೊಡ್ಡ ಮರಗಳು. ಕೆಲವು ಸ್ಪ್ರೂಸ್‌ಗಳು 80, 90 ಮೀಟರ್ ಎತ್ತರ.

ಮರದ ಮೇಲೆ ಅಷ್ಟೊಂದು ಪಾಚಿ ಇದ್ದರೆ ಮರ ಸಾಯುವುದಿಲ್ಲವಾ?

ಇಲ್ಲ. ಪಾಚಿ ಬಂದಳಿಕೆಯ ಹಾಗೆ ಮರದ ರಸ ಹೀರುವುದಿಲ್ಲ. ಸೀತಾಳೆ ದಂಡೆ ಮರದ ಮೇಲೆ ಕೂತು ಬದುಕುತ್ತದಲ್ಲ, ಹಾಗೆ ಇದೂ ಸುಮ್ನೆ ಕೂತಿರುತ್ತದೆ. ಪಾಚಿಗೆ ಬೇರೇ ಇಲ್ಲ. ಮಳೆಯಲ್ಲಿ, ಗಾಳಿಯ ಧೂಳಿನಲ್ಲಿ ಬಂದದ್ದೇ ಅದರ ಊಟ.

ಇದರಲ್ಲಿ ಇನ್ನೂ ಒಂದು ಸೊಗಸಿದೆ. ನಳಿನಿ ನಾಡಕರ್ಣಿ ಅಂತ ಒಬ್ಬ ಪರಿಸರ ವಿಜ್ಞಾನಿ. ಅವರ ತಂದೆ ಭಾರತದಿಂದ ಅಮೆರಿಕಕ್ಕೆ ಬಂದವರು. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ, ಬೆಟ್ಟ ಹತ್ತುವವರ ಹಗ್ಗ ಕಟ್ಟಿಕೊಂಡು ಇಲ್ಲಿನ ಬಿಗ್‌ಲೀಫ್ ಮೇಪಲ್ ಮರಗಳ ನೆತ್ತಿಗೆ ಹತ್ತಿದರು. ಕೊಂಬೆಯ ಮೇಲಿನ ಪಾಚಿಯ ದಪ್ಪ ಹಾಸನ್ನು ಬಿಡಿಸಿ ನೋಡಿದರೆ, ಮರವೇ ತನ್ನ ಕೊಂಬೆಯಿಂದ ಬೇರು ಬಿಟ್ಟು ಆ ಹಾಸಿನೊಳಗೆ ಇಳಿಸಿತ್ತು! ಪಾಚಿ ಸತ್ತು ಕೊಳೆತು ಮೇಲೇ ಮಣ್ಣಾಗಿರುತ್ತದೆ. ಆ ಮಣ್ಣಿನ ಸಾರವನ್ನು ಮರ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. 1981ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಇದನ್ನು ಬರೆದರು. ಈ ಮರಗಳ ಮೇಲೆ ಬೆಳೆಯುವ ಪಾಚಿ, ಜರೀಗಿಡ ಎಲ್ಲ ಸೇರಿದರೆ ಮರದ ಸ್ವಂತ ಎಲೆಗಳ ತೂಕದ ನಾಲ್ಕು ಪಟ್ಟು ಆಗುತ್ತದೆ ಅಂತಲೂ ಅವರ ಅಧ್ಯಯನ ತೋರಿಸಿತು.

ಒದ್ದೆಯಾದಾಗ ಆ ಭಾರಕ್ಕೆ ಕೊಂಬೆ ಮುರಿಯುವುದೂ ಉಂಟು. ಜೋರು ಗಾಳಿಯ ಮುನ್ಸೂಚನೆ ಇದ್ದ ದಿನ ಈ ಕಾಡಿಗೆ ಹೋಗಬಾರದು ಅನ್ನುವುದು ಅದಕ್ಕೇ.

ಹಾಗೇ ಇನ್ನೊಂದು: ಫೋಟೊಗಳಲ್ಲಿ ಪರದೆ ಥರ ಇಳಿಬಿದ್ದು ಕಾಣುವುದರಲ್ಲಿ ಬಹಳಷ್ಟು ನಿಜವಾದ ಪಾಚಿಯೇ ಅಲ್ಲ. ಅದು ಸೆಲಾಜಿನೆಲ್ಲ ಎಂಬ ಗಿಡ, ಜರೀಗಿಡದ ಹಾಗೆ ಬೀಜವಿಲ್ಲದೆ ಬೀಜಾಣುಗಳಿಂದ ಹರಡುವಂಥದ್ದು. ನಮ್ಮ ಪಶ್ಚಿಮ ಘಟ್ಟದಲ್ಲೂ ಅದರ ಬಳಗ ಇದೆ.

ಯಾವ ಟ್ರೇಲ್ ನಡೆಯಬೇಕು?

ವಿಸಿಟರ್ ಸೆಂಟರ್ ಹತ್ತಿರದಿಂದಲೇ ಮೂರು ದಾರಿ ಹೊರಡುತ್ತವೆ. ಹಾಲ್ ಆಫ್ ಮಾಸಸ್ 1.3 ಕಿಲೋಮೀಟರ್ ಸುತ್ತು. ಎಲ್ಲರೂ ಹೋಗುವುದು ಅಲ್ಲಿಗೇ, ಮೇಪಲ್ ತೋಪು ಇರುವುದೂ ಅಲ್ಲೇ. ಸ್ಪ್ರೂಸ್ ನೇಚರ್ ಟ್ರೇಲ್ 1.9 ಕಿಲೋಮೀಟರ್, ಹೊಳೆ ದಂಡೆಯವರೆಗೂ ಹೋಗಿ ತಿರುಗುತ್ತದೆ. ಮೂರನೆಯದು ಹೋ ರಿವರ್ ಟ್ರೇಲ್. ಅದು ಸುಮಾರು 28 ಕಿಲೋಮೀಟರ್ ಸಾಗಿ ಒಲಿಂಪಸ್ ಪರ್ವತದ ಹಿಮನದಿಯ ಬುಡ ಮುಟ್ಟುತ್ತದೆ.

ಇಬ್ಬರೇ ಹೋಗುವವರಿಗೆ ನನ್ನ ಸಲಹೆ: ಬಂದ ತಕ್ಷಣ, ಜನ ಸೇರುವ ಮೊದಲೇ ಹಾಲ್ ಆಫ್ ಮಾಸಸ್ ಮುಗಿಸಿ. ಆಮೇಲೆ ಹೋ ರಿವರ್ ಟ್ರೇಲ್ ಹಿಡಿದು ಹೊರಡಿ. ಭಯ ಬೇಡ, ಪೂರ್ತಿ ಹೋಗಬೇಕಾಗಿಲ್ಲ. ಮೊದಲ ಹತ್ತಾರು ಕಿಲೋಮೀಟರ್ ಹೆಚ್ಚುಕಡಿಮೆ ಸಮತಟ್ಟು. ಒಂದೂವರೆ ಕಿಲೋಮೀಟರ್ ಹೋಗುವಷ್ಟರಲ್ಲಿ ಹೊಳೆ ಹತ್ತಿರ ಸಿಗುತ್ತದೆ. ನಾಲ್ಕೂವರೆ ಕಿಲೋಮೀಟರಿನ ಸುಮಾರಿಗೆ ಮಿನರಲ್ ಕ್ರೀಕ್ ಎಂಬ ಸಣ್ಣ ಜಲಪಾತ. ಕಾಲು ಗಟ್ಟಿ ಇದ್ದರೆ 8 ಕಿಲೋಮೀಟರಿಗೆ ಫೈವ್ ಮೈಲ್ ಐಲೆಂಡ್ ಅನ್ನುವ ಬಯಲು, ಊಟಕ್ಕೆ ಒಳ್ಳೆಯ ಜಾಗ. ಒಂದು ದಿನಕ್ಕೆ ಅಲ್ಲಿಂದ ಮುಂದೆ ಬೇಡ. ಎಲ್ಲಿ ಸಾಕೆನಿಸುತ್ತದೋ ಅಲ್ಲಿಂದ ಹಿಂದಿರುಗಿ. ಮೊದಲ ಒಂದೆರಡು ಕಿಲೋಮೀಟರ್ ದಾಟಿದರೆ ಜನ ಎಷ್ಟು ತೆಳುವಾಗುತ್ತಾರೆ ಅಂದರೆ, ಪಾರ್ಕಿಂಗ್‌ನಲ್ಲಿ ನೋಡಿದ ಕಾರುಗಳವರೆಲ್ಲ ಎಲ್ಲಿ ಹೋದರು ಅಂತ ಆಶ್ಚರ್ಯವಾಗುತ್ತದೆ.

ದಾರಿಯಲ್ಲಿ ಗಮನಿಸಬೇಕಾದದ್ದು ಬಿದ್ದ ಮರಗಳನ್ನು. ನೆಲದ ಮೇಲೆ ಪಾಚಿ, ಜರೀಗಿಡ ದಟ್ಟವಾಗಿರುವುದರಿಂದ ಹೆಮ್ಲಾಕ್, ಸ್ಪ್ರೂಸ್ ಬೀಜ ಅಲ್ಲಿ ಮೊಳೆತು ಬದುಕುವುದು ಕಷ್ಟ. ಬಿದ್ದ ದಿಮ್ಮಿಯ ಬೆನ್ನ ಮೇಲೆ ಬಿದ್ದ ಬೀಜಕ್ಕೆ ಬೆಳಕು, ತೇವ, ಜಾಗ ಎಲ್ಲ ಸಿಗುತ್ತದೆ. ಸಸಿಯ ಬೇರು ದಿಮ್ಮಿಯ ಅಕ್ಕಪಕ್ಕ ಇಳಿದು ನೆಲ ಹಿಡಿಯುತ್ತದೆ. ನೂರಾರು ವರ್ಷ ಕಳೆದು ದಿಮ್ಮಿ ಕೊಳೆತು ಮಾಯವಾದರೂ, ಅದರ ಮೇಲೆ ಹುಟ್ಟಿದ ಮರಗಳು ನೂಲು ಹಿಡಿದು ನೆಟ್ಟಂತೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಬುಡದಲ್ಲಿ ಬೇರುಗಳ ನಡುವೆ ಟೊಳ್ಳು. ದಿಮ್ಮಿ ಇದ್ದದ್ದು ಅಲ್ಲಿ. ಇಂಥ ಸಾಲು ಒಮ್ಮೆ ಕಂಡರೆ ಆಮೇಲೆ ಎಲ್ಲ ಕಡೆ ಕಾಣತೊಡಗುತ್ತದೆ.

ನನಗೆ ನಡೆಯುವುದು ಅಂದರೆ ಪ್ರಾಣ. ನಮ್ಮ ಯಜಮಾನರಿಗೆ ಎರಡು ಕಿಲೋಮೀಟರಿಗೇ ಸುಸ್ತು. ಏನು ಮಾಡೋದು?

ಹೊರಡುವ ಮೊದಲೇ ದೂರದ ಬದಲು ಸಮಯ ನಿಗದಿ ಮಾಡಿಕೊಳ್ಳಿ. "ಮಿನರಲ್ ಕ್ರೀಕ್‌ವರೆಗೂ ಹೋಗಲೇಬೇಕು" ಅಂದರೆ ಜಗಳ. "12 ಗಂಟೆಗೆ ಎಲ್ಲಿದ್ದೇವೋ ಅಲ್ಲೇ ಊಟ, ಆಮೇಲೆ ವಾಪಸ್" ಅಂದರೆ ಇಬ್ಬರಿಗೂ ಸರಿ. ನಿಧಾನ ನಡೆಯುವವರು ಮುಂದೆ ಇರಲಿ, ವೇಗದವರು ಹಿಂದೆ. ಒಬ್ಬರು ಮುಂದೆ ಹೋಗಿ ಕಾಯುವುದು, ಇನ್ನೊಬ್ಬರು ಏದುಸಿರು ಬಿಡುತ್ತ ಬಂದ ತಕ್ಷಣ "ಹೊರಡೋಣ್ವಾ?" ಅನ್ನುವುದು, ಅದು ಮಾತ್ರ ಬೇಡ. ಸುಸ್ತಾದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ, ಅಲ್ವಾ?

ಬರುವಾಗಿನ 4 ಗಂಟೆ ಡ್ರೈವಿಂಗ್ ನೆನಪಿರಲಿ. ಕಾರು ಓಡಿಸುವವರ ಶಕ್ತಿ ಟ್ರೇಲ್‌ನಲ್ಲೇ ಖಾಲಿಯಾಗಬಾರದು. ಇಬ್ಬರಿಗೂ ಓಡಿಸಲು ಬರುತ್ತದಾದರೆ ಫೋರ್ಕ್ಸ್‌ನಲ್ಲಿ ಸೀಟು ಬದಲಿಸಿ.

ಮಳೆ ಬಂದರೆ ಪ್ರವಾಸ ಹಾಳಾಗುವುದಿಲ್ಲವಾ?

ಮಳೆಕಾಡಿಗೆ ಹೋಗಿ ಮಳೆ ಬಂತು ಅಂತ ಬೇಜಾರು ಮಾಡಿಕೊಳ್ಳುವುದು ಯಾಕೆ! ಸಣ್ಣ ಮಳೆಯಲ್ಲೇ ಈ ಕಾಡು ಚೆಂದ. ಬಿಸಿಲಿನ ದಿನ ಫೋಟೊ ಕೂಡ ಅಷ್ಟು ಚೆನ್ನಾಗಿ ಬರುವುದಿಲ್ಲ, ಬೆಳಕು ನೆರಳು ಚೂರುಚೂರಾಗಿ ಬೀಳುತ್ತದೆ.

ಬಟ್ಟೆ ಸರಿ ಇರಬೇಕು ಅಷ್ಟೇ. ಜೀನ್ಸ್, ಕಾಟನ್ ಟೀಶರ್ಟ್ ಬೇಡ. ಒದ್ದೆಯಾದರೆ ಒಣಗುವುದಿಲ್ಲ, ಮೈಯ ಬಿಸಿ ಎಳೆದುಬಿಡುತ್ತದೆ. ಬೇಸಿಗೆಯಲ್ಲೂ ಒದ್ದೆ ಬಟ್ಟೆಯಲ್ಲಿ ಗಂಟೆಗಟ್ಟಲೆ ಇದ್ದರೆ ನಡುಕ ಬರುತ್ತದೆ. ನೀರು ಒಳಗೆ ಬಿಡದ ಜಾಕೆಟ್, ಒಳಗೆ ಉಣ್ಣೆಯದ್ದೋ ಪಾಲಿಯೆಸ್ಟರಿನದ್ದೋ ಒಂದು ಪದರ, ಹಿಡಿತ ಇರುವ ಶೂ, ಕಾರಿನಲ್ಲಿ ಒಂದು ಜೊತೆ ಒಣ ಬಟ್ಟೆ ಮತ್ತು ಸಾಕ್ಸ್. ಕೊಡೆ ಹಾಲ್ ಆಫ್ ಮಾಸಸ್‌ಗೆ ಸಾಕು, ಅದರಾಚೆ ಕೈಗೆ ಹೊರೆ.

ಇಂಬಳ ಇದೆಯಾ? ಹಾವು? ಕರಡಿ?

ಮಲೆನಾಡಿನವರ ಮೊದಲ ಪ್ರಶ್ನೆ ಇಂಬಳದ್ದೇ. ಇಲ್ಲ, ಟ್ರೇಲ್‌ನಲ್ಲಿ ಕಾಲಿಗೆ ಹತ್ತುವ ಇಂಬಳ ಇಲ್ಲ. ಉಪ್ಪು, ಸುಣ್ಣ, ನಶ್ಯ ಏನೂ ಬೇಡ. ವಿಷದ ಹಾವೂ ಇಲ್ಲ. ದಾರಿಯಲ್ಲಿ ಬನಾನಾ ಸ್ಲಗ್ ಸಿಗುತ್ತದೆ. ಚಿಪ್ಪಿಲ್ಲದ ಬಸವನಹುಳು ಇದು, ಒಂದು ಗೇಣಿನಷ್ಟು ಉದ್ದ ಬೆಳೆಯುತ್ತದೆ. ತುಳಿಯದೆ ದಾಟಿ.

ಕಪ್ಪು ಕರಡಿ ಇದೆ, ಕೂಗರ್ (ಬೆಕ್ಕಿನ ಜಾತಿಯ ದೊಡ್ಡ ಕಾಡುಪ್ರಾಣಿ) ಕೂಡ ಇದೆ. ಕಾಣುವುದು ಅಪರೂಪ. ಮಾತಾಡುತ್ತ ನಡೆದರೆ ಕರಡಿಯೇ ದೂರ ಸರಿಯುತ್ತದೆ. ಎದುರಾದರೆ ಓಡಬೇಡಿ. ಅದನ್ನೇ ನೋಡುತ್ತ ಹಿಂದೆ ಹಿಂದೆ ಸರಿಯಿರಿ. ಕೂಗರ್ ಆದರೆ ಕೈ ಮೇಲೆತ್ತಿ, ದೊಡ್ಡದಾಗಿ ಕಂಡು, ಜೋರು ಧ್ವನಿ ಮಾಡಿ.

ನಿಜಕ್ಕೂ ಹುಷಾರಾಗಿರಬೇಕಾದದ್ದು ರೂಸ್‌ವೆಲ್ಟ್ ಎಲ್ಕ್ ಹತ್ತಿರ. ನಮ್ಮ ಕಡವೆಯ ದೊಡ್ಡಣ್ಣ ಅನ್ನಬಹುದು. ಗಂಡು 300ರಿಂದ 500 ಕಿಲೋ ತೂಗುತ್ತದೆ. ಸಾಧುವಾಗಿ ಮೇಯುತ್ತಿರುತ್ತದೆ, ಜನ ಸೆಲ್ಫಿಗೆ ಹತ್ತಿರ ಹೋಗುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್ ಅವುಗಳ ಬೆದೆಯ ಕಾಲ, ಮೇ ಜೂನ್ ಮರಿ ಹಾಕುವ ಕಾಲ. ಎರಡೂ ಹೊತ್ತಿನಲ್ಲಿ ಸಿಟ್ಟು ಜಾಸ್ತಿ. ಕನಿಷ್ಠ 50 ಗಜ ದೂರ ಇರಬೇಕು ಅನ್ನುವುದು ಪಾರ್ಕ್‌ನ ನಿಯಮ.

ಈ ಪಾರ್ಕ್ ಆದದ್ದೇ ಎಲ್ಕ್‌ನಿಂದ. ಬೇಟೆಯಿಂದ ಅವು ನಶಿಸುತ್ತಿದ್ದಾಗ, 1909ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ಬೆಟ್ಟಗಳನ್ನು ರಾಷ್ಟ್ರೀಯ ಸ್ಮಾರಕ ಎಂದು ಘೋಷಿಸಿದರು. 1938ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಲ್ಲಿ ಅದು ನ್ಯಾಷನಲ್ ಪಾರ್ಕ್ ಆಯಿತು. ಕಾಡಿನ ತಳ ಅಷ್ಟು ತೆರವಾಗಿ ಕಾಣುವುದಕ್ಕೂ ಎಲ್ಕ್‌ಗಳ ಮೇವೇ ಒಂದು ಕಾರಣ.

ಊಟಕ್ಕೆ ಏನು ಮಾಡುವುದು?

ಕಟ್ಟಿಕೊಂಡು ಹೋಗಿ. ವಿಸಿಟರ್ ಸೆಂಟರ್‌ನಲ್ಲಿ ಹೋಟೆಲ್ ಇಲ್ಲ. ಚಿತ್ರಾನ್ನ, ಚಪಾತಿ ಪಲ್ಯ ಚೆನ್ನ. ಮೊಸರನ್ನ ತಂಪಿಗೆ ಬೇಡ ಅನ್ನಿಸಬಹುದು. ಫ್ಲಾಸ್ಕ್‌ನಲ್ಲಿ ಕಾಫಿ ಮಾತ್ರ ಮರೆಯಬೇಡಿ. ಬಾಳೆಸಿಪ್ಪೆ, ಕಿತ್ತಳೆಸಿಪ್ಪೆ "ಗೊಬ್ಬರ ಆಗುತ್ತೆ" ಅಂತ ಎಸೆಯಬಾರದು, ವಾಪಸ್ ತನ್ನಿ. ಹಕ್ಕಿ, ಅಳಿಲು ಎಷ್ಟೇ ಬೇಡಿದರೂ ಏನೂ ಹಾಕಬೇಡಿ. ಫೋರ್ಕ್ಸ್‌ನಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ.

ಫೋನ್ ಸಿಗ್ನಲ್?

ಕಾಡಿನಲ್ಲಿ ಇಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಊರಿನಲ್ಲಿರುವ ಅಮ್ಮನಿಗೆ "ರಾತ್ರಿವರೆಗೂ ಫೋನ್ ಸಿಗಲ್ಲ" ಅಂತ ಹೇಳಿಬಿಡಿ. ಎಲ್ಲಿ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಇಲ್ಲಿರುವ ಗೆಳೆಯರೊಬ್ಬರಿಗೂ ತಿಳಿಸಿ.

ಡ್ರೋನ್ ಹಾರಿಸಬಹುದಾ? ಸ್ವಲ್ಪ ಪಾಚಿ ಮನೆಗೆ ತರಬಹುದಾ? ನಾಯಿ?

ಮೂರಕ್ಕೂ ಇಲ್ಲ. ಡ್ರೋನ್ ಎಲ್ಲ ನ್ಯಾಷನಲ್ ಪಾರ್ಕುಗಳಲ್ಲೂ ನಿಷಿದ್ಧ. ಹೋ ಟ್ರೇಲ್‌ಗಳಲ್ಲಿ ನಾಯಿಗೆ ಪ್ರವೇಶ ಇಲ್ಲ. ಪಾಚಿ ಕೀಳುವುದು ಅಪರಾಧ. ಕಿತ್ತ ಜಾಗದಲ್ಲಿ ಮತ್ತೆ ಬೆಳೆಯಲು ವರ್ಷಾನುಗಟ್ಟಲೆ ಬೇಕು. ಹೂವಿನ ಅಂಗಡಿಗಳಿಗೆ ಕಾಡಿನ ಪಾಚಿ ಕೀಳುವುದು ನಿಲ್ಲಲಿ ಅಂತ, ಅದೇ ನಾಡಕರ್ಣಿ ಅವರು ಈ ರಾಜ್ಯದ ಒಂದು ಜೈಲಿನ ಕೈದಿಗಳ ಜೊತೆ ಸೇರಿ ಪಾಚಿ ಬೆಳೆಸುವ ಪ್ರಯೋಗ ಶುರು ಮಾಡಿದ್ದರು.

'ಒಂದು ಚದರ ಇಂಚು ಮೌನ' ಅನ್ನುವ ಜಾಗ ಇದೆಯಂತೆ, ಹೌದಾ?

ಹೌದು. ಗೋರ್ಡನ್ ಹೆಂಪ್ಟನ್ ಎಂಬ ಧ್ವನಿಮುದ್ರಕ 2005ರ ಭೂ ದಿನದಂದು ಹೋ ರಿವರ್ ಟ್ರೇಲ್‌ನಲ್ಲಿ, ಸುಮಾರು 5 ಕಿಲೋಮೀಟರ್ ಒಳಗೆ, ಪಾಚಿ ಹತ್ತಿದ ದಿಮ್ಮಿಯ ಮೇಲೆ ಒಂದು ಪುಟ್ಟ ಕೆಂಪು ಕಲ್ಲಿಟ್ಟರು. ಒಂದು ಇಂಚಿನಷ್ಟು ಜಾಗವನ್ನಾದರೂ ಮನುಷ್ಯನ ಸದ್ದಿನಿಂದ ಉಳಿಸಿಕೊಂಡರೆ, ಸುತ್ತಲಿನ ಮೈಲಿಗಟ್ಟಲೆ ಕಾಡಿಗೂ ಅದರ ಲಾಭ ಸಿಗುತ್ತದೆ ಎಂಬುದು ಅವರ ವಾದ. ಆದರೆ ವಿಡ್ಬಿ ದ್ವೀಪದ ನೌಕಾಪಡೆ ನೆಲೆಯಿಂದ ಹಾರುವ ಗ್ರೋಲರ್ ಜೆಟ್‌ಗಳ ಸದ್ದು ಇಲ್ಲಿಯವರೆಗೂ ಬರುತ್ತದೆ. ಅದೃಷ್ಟ ಇದ್ದ ದಿನ ಕೇಳಿಸುವುದಿಲ್ಲ.

ಊರಿಂದ ಬಂದ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದಾ?

ಒಂದೇ ದಿನಕ್ಕೆ ಬೇಡ, 8 ಗಂಟೆ ಕಾರಿನಲ್ಲಿ ಕೂರುವುದು ಅವರಿಗೆ ಹಿಂಸೆ. ಫೋರ್ಕ್ಸ್‌ನಲ್ಲೋ ಪೋರ್ಟ್ ಏಂಜಲಿಸ್‌ನಲ್ಲೋ ಒಂದು ರಾತ್ರಿ ಉಳಿದರೆ ಸರಿ. ವಿಸಿಟರ್ ಸೆಂಟರ್ ಪಕ್ಕ ಗಾಲಿಕುರ್ಚಿಯೂ ಹೋಗುವಂಥ ಪುಟ್ಟ ಸುತ್ತು ಇದೆ. ಮಂಡಿ ನೋವಿನವರಿಗೆ ಅಷ್ಟೇ ಸಾಕು.

ಅಷ್ಟು ದೂರ ಹೋಗಿ ಗೇಟ್‌ನಲ್ಲಿ ಜಾಗ ಇಲ್ಲ ಅಂದರೆ?

ಸಾಲು ಉದ್ದ ಇದ್ದರೆ ಒಂದು ಗಂಟೆ ಕಾದು ನೋಡಿ. ಆಮೇಲೂ ಆಗದಿದ್ದರೆ 101ರಲ್ಲೇ ದಕ್ಷಿಣಕ್ಕೆ ಇಳಿದು ಕ್ವಿನಾಲ್ಟ್ ಸರೋವರಕ್ಕೆ ಹೋಗಿ. ಅಲ್ಲಿಯೂ ಇದೇ ಥರದ ಮಳೆಕಾಡು, ಜನ ಕಡಿಮೆ. 58 ಅಡಿಗೂ ಹೆಚ್ಚು ಸುತ್ತಳತೆಯ ದೈತ್ಯ ಸಿಟ್ಕಾ ಸ್ಪ್ರೂಸ್ ಅಲ್ಲಿದೆ. ಸರೋವರದ ಒಡೆತನ ಕ್ವಿನಾಲ್ಟ್ ಮೂಲನಿವಾಸಿಗಳದ್ದು, ಮೀನು ಹಿಡಿಯಲು, ದೋಣಿ ಬಿಡಲು ಅವರ ನಿಯಮವೇ ನಡೆಯುತ್ತದೆ. ಅಲ್ಲಿಂದ ಅಬರ್ಡೀನ್, ಒಲಿಂಪಿಯಾ ಮೇಲೆ ಫೆರಿ ಇಲ್ಲದೆ ಸಿಯಾಟಲ್‌ಗೆ ಸುಮಾರು 3 ಗಂಟೆ. ನಿಮ್ಮ ಮನೆ ಟಕೋಮಾ ಕಡೆ ಇದ್ದರೆ ಹೋ ಬಿಟ್ಟು ಮೊದಲೇ ಇಲ್ಲಿಗೆ ಬಂದರೂ ನಷ್ಟವಿಲ್ಲ.